ಮನಸ್ಸಿನಿಂದ ಹೋಗದ ಒಂದು ದೃಶ್ಯ: ನಿಮ್ಮ ಮೆಚ್ಚಿನ ಸೈನ್ಸ್ ಫಿಕ್ಷನ್ ಸಿನಿಮಾ ಯಾವುದು?

ಹಳೇರೀಲು

ಯಾವ ಸೈನ್ಸ್ ಫಿಕ್ಷನ್ ಸಿನಿಮಾ ನೋಡಲಿ ಅಂತ ಯಾರಾದರೂ ಕೇಳಿದರೆ ನಾವು ಒಂದೇ ಉಸಿರಿಗೆ ಹತ್ತು ಹೆಸರು ಹೇಳಿಬಿಡುತ್ತೇವೆ. ಕೇಳಿದವರು ಬರೆದುಕೊಳ್ಳುತ್ತಾರೆ, ಆಮೇಲೆ ಮರೆಯುತ್ತಾರೆ. ಬರೀ ಹೆಸರು ಕೇಳಿ ನೋಡುವ ಆಸೆ ಹುಟ್ಟುವುದಿಲ್ಲ, ಅಲ್ವಾ? ಹಾಗಾಗಿ ಒಂದು ಕೋರಿಕೆ. ಸಿನಿಮಾದ ಹೆಸರಿನ ಜೊತೆ ನಿಮ್ಮ ಮನಸ್ಸಿನಲ್ಲಿ ಕೂತುಬಿಟ್ಟ ಒಂದೇ ಒಂದು ದೃಶ್ಯ ಹೇಳಿ. ಕೊನೆಯ ತಿರುವನ್ನು ಮಾತ್ರ ಬಿಟ್ಟುಕೊಡಬೇಡಿ.

ನಾನೇ ಶುರು ಮಾಡುತ್ತೇನೆ. 2014ರ ಇಂಟರ್‌ಸ್ಟೆಲ್ಲರ್, ನಿರ್ದೇಶನ ಕ್ರಿಸ್ಟೋಫರ್ ನೋಲನ್. ಅದರಲ್ಲಿ ಒಂದು ಗ್ರಹ ಬರುತ್ತದೆ. ಎಲ್ಲಿ ನೋಡಿದರೂ ಮೊಣಕಾಲುದ್ದ ನೀರು. ಪಕ್ಕದಲ್ಲೇ ದೊಡ್ಡ ಕಪ್ಪುಕುಳಿ, ಅಂದರೆ ಬ್ಲ್ಯಾಕ್ ಹೋಲ್. ಅದರ ಸೆಳೆತ ಎಷ್ಟು ಜೋರೆಂದರೆ ಆ ಗ್ರಹದಲ್ಲಿ ಒಂದು ಗಂಟೆ ಕಳೆದರೆ ಭೂಮಿಯಲ್ಲಿ ಏಳು ವರ್ಷ ಕಳೆಯುತ್ತದೆ. ನಾಯಕ ಕೂಪರ್ ಮತ್ತು ಜೊತೆಯವರು ಇಳಿಯುತ್ತಾರೆ. ಬೆಟ್ಟದಂಥ ಅಲೆ ಬರುತ್ತದೆ, ಎಂಜಿನ್ ಒದ್ದೆಯಾಗುತ್ತದೆ, ಹೊರಡುವುದು ತಡವಾಗುತ್ತದೆ. ನೌಕೆಗೆ ವಾಪಸ್ ಬರುವಷ್ಟರಲ್ಲಿ ಭೂಮಿಯಲ್ಲಿ 23 ವರ್ಷ ಆಗಿಹೋಗಿರುತ್ತದೆ.

ಆಮೇಲಿನದೇ ನನ್ನ ದೃಶ್ಯ. ಕೂಪರ್ ಪರದೆಯ ಮುಂದೆ ಕೂರುತ್ತಾನೆ. ಮಗ ಕಳಿಸಿದ ವಿಡಿಯೋಗಳು ಒಂದರ ಹಿಂದೆ ಒಂದು ಬರುತ್ತವೆ. ಹುಡುಗ ದೊಡ್ಡವನಾಗುತ್ತಾನೆ, ಮದುವೆಯಾಗುತ್ತಾನೆ, ಮಗುವನ್ನು ತೋರಿಸುತ್ತಾನೆ. ಆ ಮಗು ಸತ್ತ ಸುದ್ದಿಯನ್ನೂ ಹೇಳುತ್ತಾನೆ. ಕ್ಯಾಮೆರಾ ಬಹಳ ಹೊತ್ತು ಅಪ್ಪನ ಮುಖದ ಮೇಲೆಯೇ ಇರುತ್ತದೆ. ಸಾಪೇಕ್ಷತಾ ಸಿದ್ಧಾಂತವನ್ನು ನಾನು ಓದಿದ್ದೆ, ಸೂತ್ರ ಬರೆದು ಅಂಕವನ್ನೂ ತೆಗೆದುಕೊಂಡಿದ್ದೆ. ಅದು ಇಷ್ಟು ನೋಯಿಸಬಲ್ಲದು ಅಂತ ಗೊತ್ತಾದದ್ದು ಆ ಕೆಲವೇ ನಿಮಿಷಗಳಲ್ಲಿ.

ಅಂದಿನಿಂದ ಯಾವ ಸೈನ್ಸ್ ಫಿಕ್ಷನ್ ನೋಡಿದರೂ ನನ್ನ ಅಳತೆಗೋಲು ಇದೇ. ಕಥೆಯಲ್ಲಿರುವ ವಿಜ್ಞಾನ ಒಬ್ಬ ಮನುಷ್ಯನ ಮುಖದವರೆಗೆ ಬಂದು ತಲುಪಬೇಕು.

ಗುರುತ್ವ

ಒಳ್ಳೆಯ ದೃಶ್ಯ ಆರಿಸಿದ್ದೀರಿ. ಅದಕ್ಕೆ ಸ್ವಲ್ಪ ಮುಂಚೆ ಇನ್ನೊಂದು ಮುಖ ಬರುತ್ತದೆ, ಗಮನಿಸಿದ್ದೀರಾ? ನೌಕೆಯಲ್ಲೇ ಉಳಿದು ಇವರಿಗಾಗಿ ಕಾದ ರೋಮಿಲಿ. ಅಷ್ಟು ವರ್ಷವೂ ಬಹುಪಾಲು ಒಬ್ಬನೇ. ಬಾಗಿಲು ತೆರೆದಾಗ ಅವನ ಗಡ್ಡ ನೆರೆತಿರುತ್ತದೆ. ಹೆಚ್ಚು ಮಾತಾಡುವುದೇ ಇಲ್ಲ. ನನಗೆ ಅಪ್ಪ ಅಳುವುದಕ್ಕಿಂತ ಜಾಸ್ತಿ ತಟ್ಟಿದ್ದು ಆ ನೆರೆತ ಗಡ್ಡ.

ಆ ಸಿನಿಮಾದ ಕಪ್ಪುಕುಳಿಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಭೌತವಿಜ್ಞಾನಿ ಕಿಪ್ ಥಾರ್ನ್ ಸಮೀಕರಣಗಳನ್ನು ಕೊಟ್ಟರು. ಗ್ರಾಫಿಕ್ಸ್ ತಂಡ ಅದರ ಮೇಲೆ ಹೊಸ ಸಾಫ್ಟ್‌ವೇರ್ ಬರೆಯಿತು. ಕುಳಿಯ ಹಿಂದಿರುವ ಬೆಳಕಿನ ತಟ್ಟೆ ಬಾಗಿ ಮೇಲೂ ಕೆಳಗೂ ಕಾಣುತ್ತದಲ್ಲ, ಅದು ಕಲಾವಿದರ ಕಲ್ಪನೆಯಲ್ಲ, ಲೆಕ್ಕದಿಂದಲೇ ಬಂದದ್ದು. ಆ ಕೆಲಸ 2015ರಲ್ಲಿ ಸಂಶೋಧನಾ ಪ್ರಬಂಧವಾಗಿಯೂ ಪ್ರಕಟವಾಯಿತು.

ಒಂದು ಕಡೆ ಮಾತ್ರ ಬೇಕೆಂದೇ ರಾಜಿ ಮಾಡಿಕೊಂಡರು. ನಿಜಕ್ಕೂ ಆ ತಟ್ಟೆಯಲ್ಲಿ ನಮ್ಮ ಕಡೆಗೆ ತಿರುಗಿ ಬರುವ ಭಾಗ ಹೆಚ್ಚು ಹೊಳೆಯಬೇಕು, ದೂರ ಹೋಗುವ ಭಾಗ ಮಂಕಾಗಬೇಕು. ನೋಡುವವರಿಗೆ ಗೊಂದಲವಾಗುತ್ತದೆ ಅಂತ ಸಿನಿಮಾದಲ್ಲಿ ಎರಡೂ ಕಡೆ ಸಮನಾಗಿ ಬೆಳಗಿಸಿದರು. 2019ರ ಏಪ್ರಿಲ್‌ನಲ್ಲಿ ಎಂ87 ಗ್ಯಾಲಕ್ಸಿಯ ಕಪ್ಪುಕುಳಿಯ ನಿಜವಾದ ಚಿತ್ರ ಹೊರಬಂತು. ಆ ಉಂಗುರವನ್ನು ನೋಡಿ. ಒಂದು ಪಕ್ಕ ಎದ್ದು ಕಾಣುವಷ್ಟು ಪ್ರಕಾಶ. ನಾನು ಎರಡು ಚಿತ್ರಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದ್ದೇನೆ.

ನಡುರಾತ್ರಿ

ನನ್ನದು ಗ್ಯಾಟಕಾ, 1997, ಆಂಡ್ರ್ಯೂ ನಿಕಲ್ ನಿರ್ದೇಶನ. ಹೆಸರಲ್ಲೇ ಕಥೆಯಿದೆ. ಡಿಎನ್‌ಎ ಬರೆಯುವ ನಾಲ್ಕು ಅಕ್ಷರಗಳು ಜಿ, ಎ, ಟಿ, ಸಿ. ಆ ನಾಲ್ಕರಲ್ಲೇ ಕಟ್ಟಿದ ಪದ ಅದು.

ಈ ಲೋಕದಲ್ಲಿ ಮಗು ಹುಟ್ಟಿದ ಕೆಲವೇ ಕ್ಷಣಗಳಲ್ಲಿ ಅದರ ಇಡೀ ಭವಿಷ್ಯ ಓದಿ ಹೇಳುತ್ತಾರೆ. ನಾಯಕ ವಿನ್ಸೆಂಟ್‌ಗೆ ಹೇಳಿದ್ದು: ಹೃದಯದ ಕಾಯಿಲೆ ಬರುವ ಸಾಧ್ಯತೆ ಶೇ. 99, ಆಯಸ್ಸು 30.2 ವರ್ಷ. ಇನ್ನೂ ಅಮ್ಮನ ಮಡಿಲಲ್ಲಿರುವ ಕೂಸು! ಅವನಿಗೆ ಬಾಹ್ಯಾಕಾಶಕ್ಕೆ ಹೋಗುವ ಕನಸು. ಅದಕ್ಕಾಗಿ ಇನ್ನೊಬ್ಬನ ಗುರುತನ್ನು ತನ್ನದೆಂದು ಹೊತ್ತು ಬದುಕುತ್ತಾನೆ.

ನನ್ನ ದೃಶ್ಯ ಮೊದಲಲ್ಲೇ ಬರುತ್ತದೆ. ಬೆಳಗ್ಗೆ ಎದ್ದು ಮೈ ಉಜ್ಜಿಕೊಳ್ಳುತ್ತಾನೆ. ಸುಮ್ನೆ ಸ್ನಾನವಲ್ಲ ಅದು. ಉದುರಬಹುದಾದ ಕೂದಲು, ಸತ್ತ ಚರ್ಮ, ಉಗುರಿನ ಚೂರು ಎಲ್ಲವನ್ನೂ ಕೆರೆದು ಸುಟ್ಟುಬಿಡುತ್ತಾನೆ. ಬೆರಳ ತುದಿಗೆ ಇನ್ನೊಬ್ಬನ ರಕ್ತ ತುಂಬಿದ ಸಣ್ಣ ಚೀಲ ಅಂಟಿಸಿಕೊಳ್ಳುತ್ತಾನೆ. ಕೆಲಸದ ಜಾಗದಲ್ಲಿ ತನ್ನ ಕೀಬೋರ್ಡನ್ನು ಚೊಕ್ಕ ಮಾಡಿ, ಅದರ ಮೇಲೆ ಆ ಇನ್ನೊಬ್ಬನ ಚರ್ಮದ ಪುಡಿ ಉದುರಿಸಿ ಬರುತ್ತಾನೆ. ಇದು ದಿನವೂ ನಡೆಯಬೇಕು. ಒಂದು ದಿನ ತಪ್ಪಿದರೂ ಎಲ್ಲ ಮುಗಿಯಿತು. ಕೊನೆಗೆ ಅವನನ್ನು ಅಪಾಯಕ್ಕೆ ತಳ್ಳುವುದು ಒಂದೇ ಒಂದು ರೆಪ್ಪೆಗೂದಲು.

ಮನುಷ್ಯನ ಡಿಎನ್‌ಎ ಓದುವ ಮಾನವ ಜೀನೋಮ್ ಯೋಜನೆ ಮುಗಿದದ್ದು 2003ರಲ್ಲಿ, ಈ ಸಿನಿಮಾ ಬಂದು ಆರು ವರ್ಷದ ಮೇಲೆ. ಜೀನ್ ನೋಡಿ ಕೆಲಸದಲ್ಲಿ, ಆರೋಗ್ಯ ವಿಮೆಯಲ್ಲಿ ಭೇದ ಮಾಡಬಾರದು ಅಂತ ಅಮೆರಿಕ ಕಾನೂನು ಮಾಡಿದ್ದು 2008ರಲ್ಲಿ. ಇದರಲ್ಲಿ ಹಾರುವ ಕಾರಿಲ್ಲ, ಲೇಸರ್ ಬಂದೂಕಿಲ್ಲ. ಒಂದು ಬ್ರಷ್ ಇದೆ, ಉಜ್ಜಿ ಉಜ್ಜಿ ಕೆಂಪಾದ ಮೈಯಿದೆ. ನನಗೆ ಇದಕ್ಕಿಂತ ದೊಡ್ಡ ಸೈನ್ಸ್ ಫಿಕ್ಷನ್ ಇಲ್ಲ.

ಮಿಂಚುಹುಳ

ಗ್ಯಾಟಕಾ ನೋಡಿಲ್ಲ. ಆ ಬ್ರಷ್‌ಗಾಗಿಯೇ ಈಗ ನೋಡುತ್ತೇನೆ.

ನನ್ನ ಆಯ್ಕೆ 2016ರ ಅರೈವಲ್. ಡೆನಿ ವಿಲ್‌ನೂವ್ ನಿರ್ದೇಶನ, ಟೆಡ್ ಚಿಯಾಂಗ್ ಬರೆದ ಕಥೆ ಆಧಾರ. ಹನ್ನೆರಡು ನೌಕೆಗಳು ಭೂಮಿಯ ಬೇರೆ ಬೇರೆ ಕಡೆ ಬಂದು ನಿಲ್ಲುತ್ತವೆ. ಅವುಗಳೊಳಗಿನ ಜೀವಿಗಳ ಜೊತೆ ಮಾತಾಡಲು ಸೇನೆ ಲೂಯಿಸ್ ಎಂಬ ಭಾಷಾಶಾಸ್ತ್ರಜ್ಞೆಯನ್ನು ಕರೆತರುತ್ತದೆ.

ಇದನ್ನು ನಾನು ಅಮ್ಮನ ಜೊತೆ ನೋಡಿದೆ. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಪಕ್ಕದಲ್ಲಿ ಕೂತು ಪ್ರತಿ ಮಾತನ್ನೂ ಕನ್ನಡದಲ್ಲಿ ಹೇಳುತ್ತಾ ಹೋದೆ. ಒಂದು ಕಡೆ ಸೇನಾಧಿಕಾರಿ ತಾಳ್ಮೆ ಕಳೆದುಕೊಂಡು ಕೇಳುತ್ತಾನೆ: ಶಾಲೆ ಮಕ್ಕಳ ಪದಗಳನ್ನು ಕಲಿಸುತ್ತಾ ಯಾಕೆ ಹೊತ್ತು ಕಳೆಯುತ್ತೀರಿ, ಬಂದ ಕಾರಣ ಕೇಳಿಬಿಡಿ. ಆಗ ಲೂಯಿಸ್ ಬೋರ್ಡಿನ ಮೇಲೆ ಆ ಒಂದು ಪ್ರಶ್ನೆ ಬರೆದು ಬಿಡಿಸಿ ತೋರಿಸುತ್ತಾಳೆ. ಮೊದಲು ಪ್ರಶ್ನೆ ಅಂದರೆ ಏನು ಅಂತ ಅವರಿಗೆ ಗೊತ್ತಿರಬೇಕು. ಉದ್ದೇಶ ಅನ್ನುವುದು ಗೊತ್ತಿರಬೇಕು. ಎದುರಿಗಿರುವ ಒಬ್ಬರನ್ನು ಕೇಳುತ್ತಿದ್ದೇವಾ, ಬಂದಿರುವ ಎಲ್ಲರನ್ನೂ ಕೇಳುತ್ತಿದ್ದೇವಾ ಅನ್ನುವುದೂ ತಿಳಿಯಬೇಕು. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ.

ನಾನು ಅದನ್ನು "ನೀವು ಭೂಮಿಗೆ ಬಂದ ಉದ್ದೇಶ ಏನು?" ಅಂತ ಅಮ್ಮನಿಗೆ ಹೇಳಿದೆ. ಅಮ್ಮ ತಕ್ಷಣ ಕೇಳಿದರು: "ನೀವು ಅಂದರೆ ಎಲ್ಲರನ್ನೂ ಸೇರಿಸಿ ಹೇಳಿದ್ದಾ, ಇಲ್ಲ ಆ ಒಂದಕ್ಕೇ ಬಹುವಚನ ಕೊಟ್ಟಿದ್ದಾ?"

ನಾನು ಸಿನಿಮಾ ನಿಲ್ಲಿಸಿಬಿಟ್ಟೆ. ಲೂಯಿಸ್ ಬೋರ್ಡಿನ ಮುಂದೆ ನಿಂತು ವಿವರಿಸುತ್ತಿದ್ದ ತೊಡಕನ್ನು ಅಮ್ಮ ಒಂದೇ ಮಾತಿನಲ್ಲಿ ಹಿಡಿದಿದ್ದರು. ಕನ್ನಡದಲ್ಲಿ ಅದು ಇನ್ನೂ ಒಂದು ಪಟ್ಟು ಜಾಸ್ತಿ. ನಮ್ಮ "ನೀವು" ಲೆಕ್ಕವನ್ನೂ ಹೇಳುತ್ತದೆ, ಮರ್ಯಾದೆಯನ್ನೂ ಹೇಳುತ್ತದೆ. ಬೇರೆ ಲೋಕದಿಂದ ಬಂದವರಿಗೆ ಇದನ್ನು ಎಲ್ಲಿಂದ ಶುರು ಮಾಡಿ ವಿವರಿಸುವುದು?

ಹಳೇರೀಲು

ಮಿಂಚುಹುಳ, ಇದನ್ನು ಓದಿ ತುಂಬಾ ಖುಷಿಯಾಯಿತು. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಅದೇ ಸಿನಿಮಾದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಆ ಜೀವಿಗಳು ಬರೆಯುವುದು ವೃತ್ತಾಕಾರದಲ್ಲಿ. ವಾಕ್ಯಕ್ಕೆ ತಲೆಯೂ ಇಲ್ಲ, ಬಾಲವೂ ಇಲ್ಲ. ಎರಡು ಕೈಯಲ್ಲಿ ಎರಡು ತುದಿಯಿಂದ ಒಂದೇ ವಾಕ್ಯ ಬರೆಯುವುದನ್ನು ಊಹಿಸಿಕೊಳ್ಳಿ. ಬರೆಯುವ ಮೊದಲೇ ಇಡೀ ವಾಕ್ಯ ಗೊತ್ತಿರಬೇಕು. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಹೇಳುವವರು ಮುಗಿಸುವವರೆಗೆ ಕೇಳುವವರು ಕಾಯಲೇಬೇಕು. ಆ ಜೀವಿಗಳ ಬರವಣಿಗೆಯಲ್ಲಿ ಕಾಯುವುದೇ ಇಲ್ಲ. ಇಡೀ ಕಥೆ ನಿಂತಿರುವುದು ಇದರ ಮೇಲೆಯೇ, ಹಾಗಾಗಿ ಇಲ್ಲಿಗೆ ನಿಲ್ಲಿಸುತ್ತೇನೆ.

ಕೆಂಪುಚುಕ್ಕಿ

ಹಳೇರೀಲು ಅವರೇ, ನಿಮ್ಮ ಅಳತೆಗೋಲನ್ನು ನಾನು ಒಪ್ಪುವುದಿಲ್ಲ. ಮುಖದವರೆಗೆ ತಲುಪಬೇಕು ಅಂದರೆ ಈ ಪ್ರಕಾರದ ಅತಿ ದೊಡ್ಡ ಸಿನಿಮಾವನ್ನೇ ಹೊರಗಿಡಬೇಕಾಗುತ್ತದೆ. 1968ರ 2001: ಎ ಸ್ಪೇಸ್ ಒಡಿಸ್ಸಿ. ಸ್ಟ್ಯಾನ್ಲಿ ಕುಬ್ರಿಕ್ ಬೇಕೆಂದೇ ಅದರಲ್ಲಿ ಮುಖಗಳನ್ನು ಖಾಲಿ ಬಿಟ್ಟಿದ್ದಾರೆ. ಗಗನಯಾತ್ರಿಗಳು ನಗುವುದು ಅಪರೂಪ, ಅಳುವುದಂತೂ ಇಲ್ಲ. ಶುರುವಿನ ಸುಮಾರು 25 ನಿಮಿಷ ಒಂದು ಮಾತೂ ಇಲ್ಲ. ಹೊರಗೆ ಬಾಹ್ಯಾಕಾಶದಲ್ಲಿ ಸದ್ದೇ ಇಲ್ಲ. ಗಾಳಿ ಇಲ್ಲದ ಕಡೆ ಸದ್ದು ಎಲ್ಲಿಂದ ಬರಬೇಕು? ಕೇಳುವುದು ಹೆಲ್ಮೆಟ್ ಒಳಗಿನ ಉಸಿರು ಮಾತ್ರ. ಮನುಷ್ಯ ಚಂದ್ರನ ಮೇಲೆ ಕಾಲಿಡುವುದಕ್ಕೆ ಒಂದು ವರ್ಷ ಮುಂಚೆ ಇದನ್ನು ಮಾಡಿದರು. ಇವತ್ತಿಗೂ ಎಷ್ಟೋ ಸಿನಿಮಾಗಳಲ್ಲಿ ನೌಕೆಗಳು ಶೂನ್ಯದಲ್ಲಿ ಢಮಾರ್ ಅಂತ ಸಿಡಿಯುತ್ತವೆ.

ಒಬ್ಬ ಗಗನಯಾತ್ರಿ ದೊಡ್ಡ ಚಕ್ರದೊಳಗೆ ಸುತ್ತಲೂ ಓಡುತ್ತಾನಲ್ಲ, ಅದು ಕಂಪ್ಯೂಟರ್ ಚಿತ್ರವಲ್ಲ. ಸುಮಾರು 12 ಮೀಟರ್ ವ್ಯಾಸದ, ನಿಜಕ್ಕೂ ತಿರುಗುವ ಚಕ್ರವನ್ನೇ ಕಟ್ಟಿದ್ದರು. ನಟ ಕೆಳಭಾಗದಲ್ಲೇ ಓಡುತ್ತಿದ್ದ, ಚಕ್ರ ತಿರುಗುತ್ತಿತ್ತು. ಈ ಸಿನಿಮಾ ನನಗೆ ಅಳು ತರಿಸಲಿಲ್ಲ. ಬೆರಗು ತಂದಿತು. ಬೆರಗೂ ಒಂದು ಭಾವನೆಯೇ ಅಲ್ವಾ?

ಹಳೇರೀಲು

ಬೆರಗೂ ಭಾವನೆಯೇ, ಒಪ್ಪಿದೆ. ಆದರೆ ನೀವು ಹೇಳಿದ ಸಿನಿಮಾದಲ್ಲೇ ಹಾಲ್ ಇದ್ದಾನಲ್ಲ? ಕಂಪ್ಯೂಟರ್. ಮುಖ ಅಂತ ಇರುವುದು ಒಂದು ಕೆಂಪು ಕಣ್ಣು ಮಾತ್ರ. ಗಗನಯಾತ್ರಿ ಡೇವ್ ಒಳಗೆ ಹೋಗಿ ಅವನ ನೆನಪಿನ ಪಟ್ಟಿಗಳನ್ನು ಒಂದೊಂದಾಗಿ ಕೀಳುವಾಗ ಅವನು ನನಗೆ ಭಯವಾಗುತ್ತಿದೆ ಅನ್ನುತ್ತಾನೆ. ಆಮೇಲೆ ಒಂದು ಹಳೇ ಹಾಡು ಹಾಡುತ್ತಾನೆ. ದನಿ ನಿಧಾನವಾಗಿ, ದಪ್ಪವಾಗಿ, ಕೊನೆಗೆ ನಿಂತೇ ಹೋಗುತ್ತದೆ. ಕಣ್ಣು ಮಾತ್ರ ಹಾಗೇ ಇರುತ್ತದೆ. ಕೊಲೆ ಮಾಡಿದವನು ಅಂತ ಗೊತ್ತಿದ್ದೂ ನನ್ನ ಗಂಟಲು ಕಟ್ಟಿತು.

ಹಾಗಾಗಿ ನನ್ನ ಮಾತನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ಮುಖವೇ ಬೇಕು ಅಂತಿಲ್ಲ. ಕಥೆಯಲ್ಲಿರುವ ವಿಜ್ಞಾನಕ್ಕೆ ಯಾರಾದರೂ ಬೆಲೆ ತೆರಬೇಕು, ತೆರುವುದು ನಮಗೆ ಕಾಣಬೇಕು.

ಗುರುತ್ವ

ಆ ಹಾಡಿನ ಹಿಂದೆಯೂ ನಿಜ ಇದೆ. ಡೈಸಿ ಬೆಲ್. 1961ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಒಂದು ಐಬಿಎಂ ಕಂಪ್ಯೂಟರ್‌ನಿಂದ ಇದೇ ಹಾಡನ್ನು ಹಾಡಿಸಿದ್ದರು. ಕಥೆ ಬರೆದ ಆರ್ಥರ್ ಸಿ. ಕ್ಲಾರ್ಕ್ ಅಲ್ಲಿಗೆ ಹೋದಾಗ ಕೇಳಿದ್ದರು. ಹಾಲ್ ಸಾಯುವಾಗ ಹಾಡುವುದು ಕಂಪ್ಯೂಟರ್‌ಗಳ ಬಾಲ್ಯದ ಹಾಡನ್ನು.

ಕೆಂಪುಚುಕ್ಕಿ

ಇದು ಗೊತ್ತಿರಲಿಲ್ಲ. ಆ ದೃಶ್ಯ ಇನ್ನು ಮುಂದೆ ಮೊದಲಿನ ಹಾಗೆ ಇರುವುದಿಲ್ಲ.

ಕಾಗದದೋಣಿ

ಬೆಲೆ ತೆರುವ ಮಾತು ಬಂತು. ಹಾಗಾದರೆ ಪ್ರೈಮರ್ ನೋಡಲೇಬೇಕು. 2004, ಶೇನ್ ಕರೂತ್. ಸುಮಾರು 7,000 ಡಾಲರ್‌ನಲ್ಲಿ ತೆಗೆದ 77 ನಿಮಿಷದ ಸಿನಿಮಾ. ಬರೆದದ್ದು, ನಿರ್ದೇಶನ, ಸಂಕಲನ, ಸಂಗೀತ, ಮುಖ್ಯ ಪಾತ್ರ ಎಲ್ಲ ಒಬ್ಬರೇ. ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ದೊಡ್ಡ ಪ್ರಶಸ್ತಿಯೇ ಬಂತು.

ಇಬ್ಬರು ಎಂಜಿನಿಯರ್‌ಗಳು ಗ್ಯಾರೇಜಿನಲ್ಲಿ ಏನೋ ಮಾಡಲು ಹೋಗಿ ಕಾಲದಲ್ಲಿ ಹಿಂದಕ್ಕೆ ಹೋಗುವ ಪೆಟ್ಟಿಗೆ ಮಾಡಿಬಿಡುತ್ತಾರೆ. ಬೇರೆ ಸಿನಿಮಾಗಳಲ್ಲಿ ಗುಂಡಿ ಒತ್ತಿದರೆ ಸಾಕು, ನೂರು ವರ್ಷ ಹಿಂದೆ. ಇಲ್ಲಿ ಹಾಗಿಲ್ಲ. ಆರು ಗಂಟೆ ಹಿಂದಕ್ಕೆ ಹೋಗಬೇಕಾದರೆ ಆ ಕತ್ತಲೆ ಪೆಟ್ಟಿಗೆಯೊಳಗೆ ಆರು ಗಂಟೆ ಮಲಗಿರಬೇಕು. ಪೆಟ್ಟಿಗೆ ಮೊದಲೇ ಚಾಲೂ ಆಗಿರಬೇಕು, ಅದಕ್ಕಿಂತ ಹಿಂದೆ ಹೋಗಲಾಗದು. ಈ ನಿಯಮವನ್ನು ಸಿನಿಮಾ ಎಲ್ಲೂ ಮುರಿಯುವುದಿಲ್ಲ. ಪ್ರತಿ ಸಲ ಹೋಗಿ ಬಂದಾಗಲೂ ಅವರ ಗೆಳೆತನ ಒಂದಿಷ್ಟು ಸವೆಯುತ್ತದೆ. ನಾನು ಪೆನ್ನು ಕಾಗದ ಹಿಡಿದು ಗೆರೆ ಎಳೆಯುತ್ತಾ ಎರಡನೇ ಸಲ ನೋಡಿದೆ. ಮೂರನೇ ಸಲ ನೋಡಿದಾಗ ಒಬ್ಬ ಯಾವಾಗಿನಿಂದ ಇನ್ನೊಬ್ಬನಿಗೆ ಸುಳ್ಳು ಹೇಳುತ್ತಿದ್ದಾನೆ ಅನ್ನುವುದು ಹೊಳೆಯಿತು.

ತೇಲುಮೋಡ

ಪ್ರೈಮರ್ ನಾನೂ ನೋಡಿದ್ದೇನೆ. ಮೊದಲ ಅರ್ಧ ಗಂಟೆ ಅವರು ಆಡುವ ಮಾತು ಒಂದೂ ತಲೆಗೆ ಹತ್ತಲಿಲ್ಲ. ಹೊಸಬರಿಗೆ ಅದನ್ನು ಮೊದಲು ಹೇಳಬೇಡಿ ದಯವಿಟ್ಟು, ಈ ಪ್ರಕಾರದ ಆಸೆಯನ್ನೇ ಬಿಟ್ಟುಬಿಡುತ್ತಾರೆ. ಕಾಲಯಾನದ ಕಥೆ ಬೇಕು ಅನ್ನುವವರಿಗೆ ನಾನು ಹೇಳುವುದು ಲಾ ಜೆಟೇ. 1962, ಫ್ರಾನ್ಸ್, ಕ್ರಿಸ್ ಮಾರ್ಕರ್. ಬರೀ 28 ನಿಮಿಷ. ಸಿನಿಮಾ ಪೂರ್ತಿ ಸ್ಥಿರಚಿತ್ರಗಳು, ಕಪ್ಪು ಬಿಳುಪು ಫೋಟೋಗಳು, ಹಿನ್ನೆಲೆಯಲ್ಲಿ ಒಂದು ದನಿ. ನಡುವೆ ಒಂದೇ ಒಂದು ಕಡೆ ಚಿತ್ರ ಚಲಿಸುತ್ತದೆ. ಎಲ್ಲಿ ಅಂತ ಹೇಳುವುದಿಲ್ಲ. ರೆಪ್ಪೆ ಮಿಟುಕಿಸದೆ ನೋಡಿ. 1995ರ 12 ಮಂಕೀಸ್ ಹುಟ್ಟಿದ್ದು ಇದರಿಂದಲೇ.

ಮಿಂಚುಹುಳ

ಸ್ಟಾಕರ್ ಬಗ್ಗೆ ಯಾರಾದರೂ ಹೇಳಿ. ಎರಡು ಸಲ ಶುರು ಮಾಡಿ ಅರ್ಧಕ್ಕೆ ಬಿಟ್ಟೆ. ಎರಡೂ ಮುಕ್ಕಾಲು ಗಂಟೆ ಹತ್ತಿರ ಇದೆ, ಏನೂ ನಡೆಯುವುದಿಲ್ಲ ಅನ್ನಿಸುತ್ತದೆ. ಎಲ್ಲರೂ ಅಷ್ಟು ಮೆಚ್ಚುವುದು ಯಾಕೆ?

ನಡುರಾತ್ರಿ

ನನಗೂ ಮೊದಲ ಸಲ ಹಾಗೇ ಆಗಿತ್ತು. 1979ರ ಸಿನಿಮಾ, ಆಂದ್ರೇ ತಾರ್ಕೋವ್‌ಸ್ಕಿ ಅವರದು. ಮೊದಲು ತೆಗೆದ ರೀಲುಗಳು ಲ್ಯಾಬಿನಲ್ಲಿ ಹಾಳಾಗಿ ಬಹುಪಾಲು ಮತ್ತೆ ಚಿತ್ರಿಸಬೇಕಾಯಿತು. ಅಷ್ಟಾದರೂ ಕೈಬಿಡಲಿಲ್ಲ.

ಕಥೆ ಇಷ್ಟೇ. "ವಲಯ" ಅನ್ನುವ ನಿಷೇಧಿತ ಜಾಗ. ಅದರೊಳಗೆ ಒಂದು ಕೋಣೆ. ಅಲ್ಲಿಗೆ ಹೋದವರ ಆಳದ ಆಸೆ ಈಡೇರುತ್ತದಂತೆ. ಮೂವರು ಹೊರಡುತ್ತಾರೆ. ನಟ್ಟಿಗೆ ಬಟ್ಟೆಯ ಪಟ್ಟಿ ಕಟ್ಟಿ ಮುಂದಕ್ಕೆ ಎಸೆಯುತ್ತಾರೆ, ಅದು ಬಿದ್ದ ಕಡೆಗೆ ನಡೆಯುತ್ತಾರೆ, ಮತ್ತೆ ಎಸೆಯುತ್ತಾರೆ. ಎದುರಿಗೆ ಕಾಣುವುದು ಬರೀ ಹುಲ್ಲು. ಅಪಾಯ ಏನು ಅಂತ ಸಿನಿಮಾ ತೋರಿಸುವುದೇ ಇಲ್ಲ. ಆದರೂ ಸ್ವಲ್ಪ ಹೊತ್ತಿಗೆ ನನಗೇ ಆ ಹುಲ್ಲಿನ ಮೇಲೆ ಕಾಲಿಡಲು ಹೆದರಿಕೆ ಶುರುವಾಯಿತು. ಒಂದು ನಟ್ಟು, ಒಂದು ಚೂರು ಬಟ್ಟೆ. ಇಷ್ಟರಲ್ಲೇ ಬೇರೆ ಲೋಕ ಕಟ್ಟಿಬಿಟ್ಟರು.

ನನ್ನ ಸಲಹೆ: ಪೂರ್ತಿ ನೋಡಬೇಕು ಅಂತ ಕೂರಬೇಡಿ. ಮೂವರೂ ಹಳಿಯ ಮೇಲೆ ಟ್ರಾಲಿಯಲ್ಲಿ ಹೋಗುವ ಭಾಗದವರೆಗೆ ನೋಡಿ. ಟ್ರಾಲಿ ಹಳಿಯ ಮೇಲೆ ಟಕ ಟಕ ಅನ್ನುತ್ತಲೇ ಇರುತ್ತದೆ. ಮೆಲ್ಲಗೆ ಆ ಸದ್ದೇ ಸಂಗೀತಕ್ಕೆ ತಿರುಗುತ್ತದೆ. ಅಲ್ಲಿಯವರೆಗೆ ಮಣ್ಣಿನ ಬಣ್ಣದಲ್ಲಿದ್ದ ಚಿತ್ರಕ್ಕೆ ಒಮ್ಮೆಗೇ ಹಸಿರು ಬರುತ್ತದೆ. ಆ ಕ್ಷಣ ನಿಮಗೆ ಏನೂ ಅನ್ನಿಸದಿದ್ದರೆ ನಿಲ್ಲಿಸಿಬಿಡಿ, ತಪ್ಪೇನಿಲ್ಲ.

ಮಂಜುಹನಿ

ನನ್ನ ಮಗಳಿಗೆ ಒಂಬತ್ತು ವರ್ಷ. ಗ್ರಹ, ರಾಕೆಟ್ ಅಂದರೆ ಪ್ರಾಣ. ಇಲ್ಲಿ ಹೇಳಿದ್ದೆಲ್ಲ ಅವಳಿಗೆ ದೊಡ್ಡದಾಯಿತು. ಏನು ತೋರಿಸಲಿ?

ಕಾಗದದೋಣಿ

ವಾಲ್-ಇ, 2008. ಮೊದಲ ಅರ್ಧ ಗಂಟೆಗೂ ಹೆಚ್ಚು ಹೊತ್ತು ಮಾತೇ ಇಲ್ಲದಷ್ಟು ಕಡಿಮೆ, ಹಾಗಾಗಿ ಭಾಷೆ ಬರಬೇಕು ಅಂತಿಲ್ಲ. ಮನುಷ್ಯರು ಬಿಟ್ಟುಹೋದ ಭೂಮಿಯಲ್ಲಿ ಕಸ ಒತ್ತಿ ಜೋಡಿಸುವ ಒಂಟಿ ರೋಬೋ. ಕಸದಲ್ಲಿ ಸಿಕ್ಕಿದ್ದನ್ನು ಮನೆಗೆ ತಂದು ವಿಂಗಡಿಸುತ್ತದೆ. ಒಂದು ದಿನ ಅರ್ಧ ಚಮಚ, ಅರ್ಧ ಫೋರ್ಕ್ ಇರುವ ವಸ್ತು ಸಿಗುತ್ತದೆ. ಚಮಚಗಳ ಕಡೆ ಇಡಲು ಹೋಗುತ್ತದೆ. ಫೋರ್ಕುಗಳ ಕಡೆ ಹೋಗುತ್ತದೆ. ಮತ್ತೆ ಈ ಕಡೆ. ಕೊನೆಗೆ ಎರಡರ ನಡುವೆ ಇಡುತ್ತದೆ. ಆ ರೋಬೋಗೆ ಮನಸ್ಸಿದೆ ಅಂತ ಯಾರೂ ಹೇಳಬೇಕಾಗಿಲ್ಲ, ಮಗುವಿಗೆ ತಾನಾಗಿ ಗೊತ್ತಾಗುತ್ತದೆ.

1999ರ ದಿ ಐರನ್ ಜೈಂಟ್ ಕೂಡ ತೋರಿಸಿ. ಪಕ್ಕದಲ್ಲಿ ನೀವೂ ಕೂತಿರಿ, ಕೊನೆಯಲ್ಲಿ ಬೇಕಾಗುತ್ತೀರಿ.

ತೇಲುಮೋಡ

ಬ್ಲೇಡ್ ರನ್ನರ್ ನೋಡಬೇಕು ಅಂದುಕೊಂಡಿದ್ದೇನೆ. ಯಾವ ಆವೃತ್ತಿ ಅಂತ ಯಾರಾದರೂ ಹೇಳುತ್ತೀರಾ?

ಕೆಂಪುಚುಕ್ಕಿ

2007ರ ಫೈನಲ್ ಕಟ್. 1982ರಲ್ಲಿ ಅಮೆರಿಕದ ಚಿತ್ರಮಂದಿರಗಳಿಗೆ ಬಂದದ್ದರಲ್ಲಿ ನಾಯಕನ ದನಿಯಲ್ಲಿ ವಿವರಣೆ ಸೇರಿಸಿದ್ದರು, ಕೊನೆಗೊಂದು ಸುಖಾಂತ್ಯವನ್ನೂ ಅಂಟಿಸಿದ್ದರು. ಎರಡೂ ಆ ಮಳೆಗೆ, ಆ ಕತ್ತಲೆಗೆ ಒಪ್ಪುವುದಿಲ್ಲ.

ಹಳೆಯದರ ಮೇಲೆ ಆಸೆ ಇದ್ದರೆ 1927ರ ಮೆಟ್ರೋಪೊಲಿಸ್ ನೋಡಿ. ಅದರ ಎಷ್ಟೋ ಭಾಗ ಕಳೆದೇ ಹೋಯಿತು ಅಂತ ದಶಕಗಳ ಕಾಲ ಎಲ್ಲರೂ ನಂಬಿದ್ದರು. 2008ರಲ್ಲಿ ಬ್ಯೂನಸ್ ಐರಿಸ್‌ನ ಸಿನಿಮಾ ಸಂಗ್ರಹಾಲಯದಲ್ಲಿ ಹೆಚ್ಚುಕಡಿಮೆ ಪೂರ್ತಿ ಇರುವ ಒಂದು ಪ್ರತಿ ಸಿಕ್ಕಿತು. ಆ ಹೊಸದಾಗಿ ಸಿಕ್ಕ ಭಾಗಗಳಲ್ಲಿ ಪರದೆ ತುಂಬ ಗೀರುಗಳಿವೆ. ಆ ಗೀರುಗಳೂ ನನಗೆ ಇಷ್ಟ.

ಹಳೇರೀಲು

ನಿನ್ನೆ ರಾತ್ರಿ ಲಾ ಜೆಟೇ ನೋಡಿದೆ. ತೇಲುಮೋಡ, ನಿಮಗೆ ಧನ್ಯವಾದ. ಆ ಒಂದು ಚಲನೆ ಬಂದಾಗ ಎದ್ದು ಕೂತೆ. ಬರೀ ಫೋಟೋಗಳಿಗೆ ಕಣ್ಣು ಒಗ್ಗಿಹೋಗಿತ್ತು, ಹಾಗಾಗಿ ಅಷ್ಟು ಸಣ್ಣ ಚಲನೆ ಪವಾಡದ ಹಾಗೆ ಕಂಡಿತು. ಹಿಂದಕ್ಕೆ ಹಾಕಿ ಮೂರು ಸಲ ನೋಡಿದೆ.

ಮಂಜುಹನಿ

ವಾಲ್-ಇ ನೋಡಿದೆವು. ಮಗಳು ಈಗ ತನ್ನ ಪೆನ್ಸಿಲ್ ಡಬ್ಬಿಯಲ್ಲಿ ಎರಡು ತುದಿಯ ಬಣ್ಣದ ಪೆನ್ಸಿಲ್‌ಗೆ ಬೇರೆ ಜಾಗ ಮಾಡಿದ್ದಾಳೆ. ಕೆಂಪಿನ ಕಡೆಯೂ ಅಲ್ಲ, ನೀಲಿಯ ಕಡೆಯೂ ಅಲ್ಲ, ನಡುವೆ.

ಮಿಂಚುಹುಳ

ಸ್ಟಾಕರ್ ಟ್ರಾಲಿಯವರೆಗೆ ನೋಡಿದೆ, ಹಸಿರು ಬಂದಾಗ ನಿಲ್ಲಿಸಲಾಗಲಿಲ್ಲ. ಉಳಿದದ್ದನ್ನು ಈ ವಾರ ಮುಗಿಸುತ್ತೇನೆ.

ಇನ್ನೊಂದು ವಿಷಯ. ನಿಮ್ಮ ನಮಸ್ಕಾರ ಅಮ್ಮನಿಗೆ ತಿಳಿಸಿದೆ, ಹಳೇರೀಲು. ಅವರೇ ಅರೈವಲ್ ಇನ್ನೊಂದು ಸಲ ಹಾಕು ಅಂದರು. ಈ ಸಲ ನಾನು ಏನನ್ನೂ ಹೇಳಬೇಕಾಗಲಿಲ್ಲ. ಮೊದಲ ಸಲ ಅಮ್ಮ ಅತ್ತಿರಲಿಲ್ಲ, ಕೊನೆಯಲ್ಲಿ ಕೂಡ. ಈ ಸಲ ಶುರುವಾಗಿ ಐದು ನಿಮಿಷ ಆಗಿರಲಿಲ್ಲ, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಸಿನಿಮಾ ನೋಡಿದವರಿಗೆ ಯಾಕೆ ಅಂತ ಗೊತ್ತು.